ಮೊದಲೇ ಹೇಳುವ ದನಿ

ಆಸ್ಪತ್ರೆಯ ಬಾಗಿಲು ದಾಟಿದೊಡನೆ ಎಡಗಡೆ ಒಂದು ಗಾಜಿನ ಕಿಟಕಿ. ಯಾವ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ ಎಂದು ಮುಂಚಿತವಾಗಿ ತಿಳಿಸುವ ಜಾಗ ಅದು. ಅದರ ಹಿಂದೆ ಕೂರುವ ಹೆಂಗಸು ಒಂದು ಕಾಲದಲ್ಲಿ ಸ್ಟೇಷನ್ನಿನ ಮೈಕಿನಲ್ಲಿ ರೈಲುಗಳ ಹೊತ್ತು ಹೇಳುತ್ತಿದ್ದಳು. ಅಲ್ಲಿಗೆ ಯಂತ್ರದ ದನಿ ಬಂದಮೇಲೆ ಹೊಟ್ಟೆಪಾಡಿಗೆಂದು ಇಲ್ಲಿ ಸೇರಿಕೊಂಡಳು. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದಾಗ ಎದುರಿನ ಬೆಂಚುಗಳು ಅವಳಿಗೆ ಈಗಲೂ ಪ್ಲಾಟ್‌ಫಾರಮ್ಮಿನಂತೆ ಕಾಣುತ್ತವೆ. ಕೂತವರೆಲ್ಲ ಎಲ್ಲಿಗೋ ಹೊರಟವರು. ಮಡಿಲಲ್ಲಿ ಗಂಟು, ಕಣ್ಣಲ್ಲಿ ತೂಕಡಿಕೆ. ರೈಲು ಹೊರಟಾಗಿನಂತೆ ಗೋಡೆಯೇ ಮೆಲ್ಲಗೆ ಹಿಂದಕ್ಕೆ ಸರಿದಂತಾಗಿ, ಅವಳು ಮೇಜಿನ ಅಂಚನ್ನು ಹಿಡಿದುಕೊಳ್ಳುವುದೂ ಉಂಟು.

ಬಂದವರನ್ನು ಮೊದಲು ಕೂರಿಸುತ್ತಾಳೆ. ಆಪರೇಷನ್ನು, ಔಷಧಿ, ಹಾಸಿಗೆ ಎಂದು ಬಿಡಿಬಿಡಿಸಿ ಹೇಳಿ, "ಏನೇ ಹೆಚ್ಚುಕಮ್ಮಿ ಆದ್ರೂ ಇದರೊಳಗೇ ಮುಗಿಯುತ್ತೆ" ಎನ್ನುತ್ತಾಳೆ. ಮುಖ ಕಪ್ಪಿಟ್ಟವರಿಗೆ, ಯಾರನ್ನು ಕಂಡರೆ ರಿಯಾಯಿತಿ ಸಿಗಬಹುದೆಂದು ದನಿ ತಗ್ಗಿಸಿ ತಿಳಿಸುತ್ತಾಳೆ.

ಒಂದು ದಿನ ಮುದುಕನೊಬ್ಬ ಮಗಳ ತೋಳು ಹಿಡಿದುಕೊಂಡು ಬಂದ. ಎರಡು ಕಣ್ಣಿಗೂ ಪೊರೆ ಬಂದು ಮಂಜು ಕವಿದಂತಿತ್ತು.

"ಕಣ್ಣಿನ ಪೊರೆ ತೆಗೆಯೋಕೆ ಎಷ್ಟಾಗುತ್ತೆ ತಾಯಿ? ನನಗಲ್ಲ, ನನ್ನ ಸ್ನೇಹಿತನಿಗೆ. ಸುಮ್ಮನೆ ಕೇಳೋಣ ಅಂತ."

ಹಿಂದೆ ನಿಂತಿದ್ದ ಮಗಳು ಹಣೆ ಚಚ್ಚಿಕೊಂಡಳು.

"ಕೂತ್ಕೊಳ್ಳಿ ಅಜ್ಜ, ಹೇಳ್ತೀನಿ" ಎಂದಳು ಕಿಟಕಿಯ ಹೆಂಗಸು.

ಮುದುಕ ತಲೆ ವಾಲಿಸಿ ಆಲಿಸಿದ. "ನೀವು ಸ್ಟೇಷನ್ನಿನ ಮೈಕಿನವರಲ್ವಾ? ನಾನು ಅಲ್ಲಿ ಹಮಾಲಿ ಆಗಿದ್ದೆ. ನಿಮ್ಮ ಮಾತು ಕೇಳ್ಕೊಂಡೇ ತಲೆ ಮೇಲೆ ಪೆಟ್ಟಿಗೆ ಹೊತ್ತು ಓಡ್ತಿದ್ದೆ. ನೀವು ಗಾಡಿ ಬರುತ್ತೆ ಅಂದ್ರೆ ಬರ್ತಿತ್ತು."

"ಎಷ್ಟೋ ಸಲ ತಡವಾಗಿ ಬರ್ತಿತ್ತು ಅಜ್ಜ."

"ತಡ ಆಗುತ್ತೆ ಅಂತಾನೂ ನೀವೇ ಮೊದಲು ಹೇಳ್ತಿದ್ರಲ್ಲ!" ಸ್ನೇಹಿತನ ನೆನಪು ಅಲ್ಲಿಗೇ ಹಾರಿಹೋಯಿತು. "ಹೇಳಿ, ನನ್ನ ಕಣ್ಣಿಗೆ ಎಷ್ಟಾಗುತ್ತೆ?"

ಅವಳು ಹೇಳಿದಳು. ಅವನು ಬೆರಳು ಮಡಚಿ ಎಣಿಸಿದ.

"ಅಷ್ಟೇನಾ?"

"ಅಷ್ಟೇ. ಇದರ ಮೇಲೆ ಒಂದು ಕಾಸೂ ಇಲ್ಲ."

"ಮನೆ ಮಾರಬೇಕಾಗುತ್ತೆ ಅಂತ ಯಾರೋ ತಲೆಗೆ ತುಂಬಿಬಿಟ್ಟಿದ್ರು. ಅದಕ್ಕೇ ಇವರು ಬಾಯೇ ಬಿಡ್ತಿರಲಿಲ್ಲ" ಎಂದಳು ಮಗಳು.

"ಇಷ್ಟಕ್ಕೋಸ್ಕರ ಮೊಮ್ಮಗಳ ಮುಖ ನೋಡದೆ ಕೂತಿದ್ನಲ್ಲೇ!" ಅವನು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಭುಜ ಕುಲುಕುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಕಿಟಕಿಯ ಹೆಂಗಸಿಗೆ ತಿಳಿಯಲಿಲ್ಲ. ಕಿಟಕಿಯ ಕೆಳಗಿನ ಕಂಡಿಯಲ್ಲಿ ಕೈ ತೂರಿಸಿ ಅವನ ಬೆರಳು ಹಿಡಿದಳು. ಒರಟು ಬೆರಳು, ಬೆಚ್ಚಗಿತ್ತು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮೊಮ್ಮಗಳನ್ನು ಎತ್ತಿಕೊಂಡು ಕಿಟಕಿಗೆ ಬಂದವನು ಗಾಜಿನ ಹಿಂದಿನವಳನ್ನು ಮೇಲಿಂದ ಕೆಳಗೆ ನೋಡಿದ.

"ಅಯ್ಯೋ, ಇಷ್ಟು ಪುಟ್ಟವರಾ ನೀವು! ಆ ದನಿಗೆ ಬಾಗಿಲು ತುಂಬ ಇರ್ತೀರಿ ಅಂದ್ಕೊಂಡಿದ್ದೆ."

ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ಅವಳು ನಕ್ಕಳು.

ಅವನು ಮನೆಗೆ ಹೊರಡುವ ಆತುರದಲ್ಲಿರಲಿಲ್ಲ. ಬೆಂಚಿನಲ್ಲಿ ಕೂತು ಮಗುವಿನ ಕಿವಿಯನ್ನು ನೋಡಿದ, ಉಗುರುಗಳನ್ನು ಒಂದೊಂದಾಗಿ ನೋಡಿದ. ಮಗು ಅವನ ಅಂಗಿಯ ಗುಂಡಿ ಕೀಳಲು ಹೆಣಗುತ್ತಿತ್ತು. ನೆಲ ಒರೆಸುವವಳ ಬಕೆಟ್ಟು ಮುಂದೆ ಹಾದಾಗ, "ನೋಡೇ, ನೀಲಿ!" ಎಂದು ಮಗುವಿಗೆ ತೋರಿಸಿದ. ನೀರಿನೊಳಗಿನ ಬೆಳಕು ಅವರಿಬ್ಬರ ಮುಖದ ಮೇಲೆ ಒಂದಿಷ್ಟು ಹೊತ್ತು ತೇಲಾಡಿತು.