ಬಿಸಿಯಾದ ಮೇಲೆ ಜಗ್ಗುತ್ತಿದ್ದ ಕಾರು

ಹಲ್ಲಿನ ಡಾಕ್ಟರು ನಾನು. ಮನೆ ತುಮಕೂರಿನಲ್ಲಿ, ಕ್ಲಿನಿಕ್ಕು ಕುಣಿಗಲ್ಲಿನಲ್ಲಿ. ವರ್ಷಗಟ್ಟಲೆ ಒಂದು ಪುಟ್ಟ ಕಾರಿನಲ್ಲಿ ಓಡಾಡಿ, ನಲವತ್ತು ದಾಟಿದ ಮೇಲೆ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಕೊಂಡೆ. ಸೆಕೆಂಡ್ ಹ್ಯಾಂಡು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡು ಕೂತಂಥ ಗಾಡಿ. ಹಂಪು ಬಂದಲ್ಲೆಲ್ಲ ಓರೆಯಾಗಿ ಹತ್ತಿಸಬೇಕು. ಇದೆಲ್ಲ ನಿಮಗೆ ಯಾಕೆ ಬೇಕಿತ್ತು ಎಂದು ಕೇಳದವರಿಲ್ಲ. ಬೇಕಿತ್ತು, ಕೊಂಡೆ. ಗಂಡಸು ಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಮೊದಲಿಗೆ ಅದು ಬೆಣ್ಣೆಯ ಹಾಗೆ ಓಡಿತು. ಆಟೋಮ್ಯಾಟಿಕ್ ಗೇರು, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಬಿದ್ದದ್ದೇ ತಿಳಿಯುತ್ತಿರಲಿಲ್ಲ. ತುಮಕೂರಿನ ಹೊರವಲಯದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಸರ್ವೀಸು ಮಾಡಿಸಿ ಗೇರ್‌ಬಾಕ್ಸಿನ ಆಯಿಲನ್ನೂ ಬದಲು ಮಾಡಿಸಿದೆ. ತೊಂದರೆ ಶುರುವಾದದ್ದೇ ಆಮೇಲೆ. ಬೆಳಿಗ್ಗೆ ಮನೆ ಬಿಡುವಾಗ ಚೆನ್ನಾಗಿಯೇ ಇರುತ್ತಿತ್ತು. ಮಧ್ಯಾಹ್ನ ಕುಣಿಗಲ್ಲಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಟರೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜಗ್ಗುತ್ತಿತ್ತು. ವೇಗ ಇಳಿಸಿದರೆ ದಡಕ್ ಎಂದು ಸದ್ದು.

ಗಾಡಿಯನ್ನು ಅದೇ ವರ್ಕ್‌ಶಾಪಿಗೆ ಒಯ್ದೆ. ಜೊತೆಗೆ ನನ್ನ ಗಂಡ ಬಂದಿದ್ದರು. ಗುಬ್ಬಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವರು. ಪೆಟ್ರೋಲ್ ಹಾಕಿಸುವುದಕ್ಕಿಂತ ಹೆಚ್ಚಿನ ಕಾರಿನ ವಿಚಾರ ಅವರಿಗೆ ಗೊತ್ತಿಲ್ಲ. ಅಲ್ಲಿನ ಸರ್ವೀಸ್ ಅಡ್ವೈಸರ್, ಇಸ್ತ್ರಿ ಮಾಡಿದ ಷರಟು ತೊಟ್ಟ ಮೂವತ್ತರ ಆಸುಪಾಸಿನವನು, ನಾನು ಹೇಳುವುದನ್ನೆಲ್ಲ ಕೇಳಿದ. ಕೇಳಿ ಉತ್ತರವನ್ನು ನನ್ನ ಗಂಡನಿಗೆ ಕೊಟ್ಟ.

“ಸಾರ್, ಗಾಡಿ ನೀವು ಓಡಿಸ್ತೀರಾ, ಮೇಡಮ್ಮಾ?”

“ಅವಳೇ,” ಎಂದರು ಇವರು.

“ಅದೇ ಸಾರ್ ಪ್ರಾಬ್ಲಮ್ಮು. ಲೇಡೀಸು ಒಂದ್ ಕಾಲು ಬ್ರೇಕ್ ಮೇಲೆ ಇಟ್ಕೊಂಡೇ ಇನ್ನೊಂದ್ ಕಾಲಲ್ಲಿ ಆಕ್ಸಿಲರೇಟರ್ ಒತ್ತಿಬಿಡ್ತಾರೆ. ಹಂಗಾದ್ರೆ ಜರ್ಕ್ ಹೊಡೀದೆ ಇನ್ನೇನಾಗ್ತದೆ?”

“ಆಯಿಲ್ ಚೇಂಜ್ ಮಾಡಿದ್ ಮೇಲೆ ಶುರುವಾಗಿದ್ದು ಇದು,” ಎಂದೆ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ.”

ಆತನೇ ಒಂದು ಸುತ್ತು ಓಡಿಸಿಕೊಂಡು ಬಂದ. ಇಂಜಿನ್ ತಣ್ಣಗಿತ್ತು, ಗಾಡಿ ಜಗ್ಗಲಿಲ್ಲ. ‘ನೋಡಿದ್ರಾ ಸಾರ್’ ಎಂಬಂತೆ ನಕ್ಕ. ನನ್ನ ಗಂಡ ತಲೆಯಾಡಿಸಿದರು. ಮೈಯೆಲ್ಲ ಉರಿದುಹೋಯಿತು. ಹಲ್ಲುನೋವು ಎಂದು ಬಂದವರಿಗೆ ನಿಮಗೆ ಅಗಿಯಲು ಬರುವುದಿಲ್ಲ ಎಂದು ನಾನು ಹೇಳಿದರೆ ಮರುದಿನ ಕ್ಲಿನಿಕ್ಕಿನ ಬಾಗಿಲು ತೆರೆಯಲಾದೀತೆ? ಬಿಸಿ ತಗುಲಿದರೆ ನೋಯುತ್ತದೆಯೋ ತಣ್ಣಗಿನದು ತಗುಲಿದರೋ ಎಂದು ಮೊದಲು ಕೇಳುತ್ತೇನೆ. ಈತ ಅಷ್ಟೂ ಕೇಳಲಿಲ್ಲ.

ಜಗ್ಗುವುದು ಹೆಚ್ಚಾದಾಗ ಮತ್ತೆ ಹೋದೆ, ಈ ಸಲ ಒಬ್ಬಳೇ. ಈಗ ಮಾತು ಬದಲಾಗಿತ್ತು. “ಒಂದು ಕ್ಲಚ್ ಹೋಗಿದೆ ಮೇಡಂ. ಪೂರ್ತಿ ಸೆಟ್ಟೇ ಹಾಕ್ಬೇಕು. ಸಾರ್‌ನ ಒಂದ್ಸಲ ಕಳ್ಸಿ, ಎಲ್ಲಾ ಎಕ್ಸ್‌ಪ್ಲೇನ್ ಮಾಡ್ತೀನಿ.” ಗಾಡಿಯನ್ನು ಬಿಚ್ಚಿ ನೋಡಿರಲಿಲ್ಲ, ಬಿಸಿಯಾದ ಮೇಲೆ ಓಡಿಸಿರಲೂ ಇಲ್ಲ.

ಮನೆಗೆ ಬಂದು ಆ ಗೇರ್‌ಬಾಕ್ಸಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದರಲ್ಲಿ ಎರಡು ಕ್ಲಚ್ಚುಗಳಿರುತ್ತವೆ. ಒಂದು, ಮೂರು, ಐದನೇ ಗೇರು ಒಂದು ಕ್ಲಚ್ಚಿನ ಪಾಲು. ಎರಡು, ನಾಲ್ಕು, ಆರು ಇನ್ನೊಂದರದು. ಒಂದು ಕ್ಲಚ್ ಹೋಗಿದ್ದರೆ ಅದರ ಪಾಲಿನ ಗೇರುಗಳು ಮಾತ್ರ ಕೆಡಬೇಕು. ಭಾನುವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಊರೊಳಗೆ ಸುತ್ತಾಡಿ ಗಾಡಿಯನ್ನು ಚೆನ್ನಾಗಿ ಬಿಸಿ ಮಾಡಿ, ಗುಬ್ಬಿ ದಾಟಿ, ಚೇಳೂರಿನ ಕಡೆಯ ಖಾಲಿ ರಸ್ತೆಯಲ್ಲಿ ಆಟೋಮ್ಯಾಟಿಕ್ ಬಿಟ್ಟು ಮ್ಯಾನ್ಯುಯಲ್ ಮೋಡಿಗೆ ಹಾಕಿ, ಗೇರುಗಳನ್ನು ಒಂದೊಂದಾಗಿ ಕೈಯಿಂದಲೇ ಹಾಕುತ್ತ ಹೋದೆ.

“ಇದು ಎರಡು. ಜಗ್ತಾ?”

“ಜಗ್ತು.”

“ಈಗ ಮೂರು.”

“ಜಗ್ತು ಕಣೇ. ನಾಲ್ಕೂ ಜಗ್ತು.” ರಾಗಿ ಹೊಲದ ಪಕ್ಕ ನಿಲ್ಲಿಸಿದಾಗ ಇವರು ಸೀಟ್ ಬೆಲ್ಟ್ ಹಿಡಿದುಕೊಂಡೇ ಕೂತಿದ್ದರು. “ನೀನು ಬ್ರೇಕ್ ಮುಟ್ಟೇ ಇಲ್ಲ,” ಎಂದರು.

“ಯಾವತ್ತೂ ಮುಟ್ಟಿರ್ಲಿಲ್ಲ ಕಣ್ರೀ.”

ಎಲ್ಲ ಗೇರೂ ಕೆಟ್ಟಿದೆ, ಅದೂ ಬಿಸಿಯಾದ ಮೇಲೆ ಮಾತ್ರ. ಎರಡು ಕ್ಲಚ್ಚಿಗೂ ಸೇರಿದ್ದು ಯಾವುದು? ಆಯಿಲ್. ನಾನು ಮೊದಲ ದಿನವೇ ಹೇಳಿದ್ದು ಅದನ್ನೇ. ಅದು ಕಮ್ಮಿಯಿದ್ದರೆ ಬಿಸಿಯಾದಾಗ ಎರಡೂ ಜಗ್ಗುತ್ತವೆ ಎಂದು ಓದಿದ್ದೆ.

ಮರುದಿನ ಬಿಸಿ ಗಾಡಿಯನ್ನು ನೇರವಾಗಿ ವರ್ಕ್‌ಶಾಪಿಗೆ ತಂದು, ಇಂಜಿನ್ ಆಫ್ ಮಾಡದೆ ಲಿಫ್ಟಿನ ಮೇಲೆ ಏರಿಸಿ ಆಯಿಲ್ ಲೆವೆಲ್ ನೋಡಿ ಎಂದೆ. “ಅಳತೆ ಮಾಡೇ ಹಾಕಿರ್ತೀವಿ ಮೇಡಂ” ಎಂದ ಅಡ್ವೈಸರ್. “ಹಾಗಾದ್ರೆ ತೋರ್ಸೋಕೆ ಏನ್ ಕಷ್ಟ?” ಎಂದು ಅಲ್ಲೇ ನಿಂತೆ. ನನ್ನ ದನಿ ಏರಿತ್ತು. ಗಿರಾಕಿಗಳು ತಿರುಗಿ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

ಗಾಡಿಯನ್ನು ಏರಿಸಿದರು. ಗೇರ್‌ಬಾಕ್ಸಿನ ಪಕ್ಕದಲ್ಲಿ ಒಂದು ಬೋಲ್ಟು. ಬಿಸಿಯಾಗಿದ್ದಾಗ ಅದನ್ನು ಬಿಚ್ಚಿದರೆ ಆಯಿಲ್ ಸ್ವಲ್ಪ ಸುರಿಯಬೇಕು. ಸುರಿದರೆ ಮಟ್ಟ ಸರಿ. ಬಿಚ್ಚಿದರು. ಕೆಳಗೆ ತಟ್ಟೆ ಹಿಡಿದು ಕಾದರು. ಒಂದು ತೊಟ್ಟೂ ಬೀಳಲಿಲ್ಲ. ಆಯಿಲ್ ತುಂಬಿಸುತ್ತ ಹೋದರು, ಹೋದರು, ಕೊನೆಗೊಮ್ಮೆ ಆ ತೂತಿನಿಂದ ಸಣ್ಣ ಧಾರೆ ಇಳಿಯಿತು. ಅಡ್ವೈಸರ್ ಅಷ್ಟು ಹೊತ್ತಿಗೆ ಅಲ್ಲಿರಲಿಲ್ಲ.

ಓಡಿಸಿ ನೋಡಿ ಕೊಡುತ್ತೇವೆಂದು ಗಾಡಿಯನ್ನು ಇಟ್ಟುಕೊಂಡರು. ಮಾರನೆಯ ಬೆಳಿಗ್ಗೆ ನಾವು ತಿಂಡಿ ತಿನ್ನುತ್ತಿದ್ದಾಗ ಅಡ್ವೈಸರ್‌ನ ಫೋನ್ ಬಂತು, ನನ್ನ ಗಂಡನಿಗೆ. ಇವರು ಸ್ಪೀಕರಿಗೆ ಹಾಕಿದರು. “ಸಾರ್, ಗಾಡಿ ರೆಡಿ. ಮೇಡಂಗೆ ಸ್ವಲ್ಪ ಸ್ಮೂತಾಗಿ ಓಡಿಸೋಕ್ ಹೇಳಿ.”

ಇವರ ಮುಖ ಕೆಂಪಾಯಿತು. “ಗಾಡಿ ಅವಳ್ದು ಕಣ್ರೀ. ಅವಳು ಹೇಳಿದ್ದನ್ನ ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅವಳ ಹತ್ರಾನೇ ಮಾತಾಡಿ,” ಎಂದು ಫೋನನ್ನು ನನ್ನ ಕೈಗಿತ್ತರು.

“ಗಾಡಿಗೆ ಏನಾಗಿತ್ತು?” ಎಂದೆ.

“ಆಯಿಲ್ ಸ್ವಲ್ಪ ಕಮ್ಮಿ ಇತ್ತು ಮೇಡಂ.”

“ಹಾಕಿದ್ದು ಯಾರು?”

“ನಾವೇ ಮೇಡಂ.”

“ನನ್ನ ಡ್ರೈವಿಂಗಿಗೆ ಏನಾಗಿತ್ತು?”

“ಏನೂ ಆಗಿರ್ಲಿಲ್ಲ ಬಿಡಿ ಮೇಡಂ.”

ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಕಾರು ತೊಳೆದುಕೊಡುತ್ತೇವೆ, ಫ್ರೀ ಎಂದ. ಬೇಡ ಎಂದು ಧೂಳು ಸಮೇತ ತಂದೆ.

ಆ ಮಧ್ಯಾಹ್ನ ಬೇಕೆಂದೇ ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರಿನ ಟ್ರಾಫಿಕ್ಕಿಗೆ ನುಗ್ಗಿಸಿದೆ. ಬಿಸಿಲು, ಆಟೋಗಳು, ಅಡ್ಡ ನಿಂತ ಬಸ್ಸುಗಳು. ಗಾಡಿ ಒಂದು ಸಲವೂ ಜಗ್ಗಲಿಲ್ಲ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಇಳಿಯಲಿಲ್ಲ. ಹಟ ಹಿಡಿದು ನಿಲ್ಲಲು ಪುರುಸೊತ್ತಿಲ್ಲದ ಎಷ್ಟು ಹೆಂಗಸರು ಆ ಮಾತನ್ನು ನಂಬಿ, ನನಗೇ ಓಡಿಸಲು ಬರುವುದಿಲ್ಲ ಎಂದುಕೊಂಡು ಕೀಲಿಯನ್ನು ಗಂಡನ ಕೈಗೆ ಕೊಟ್ಟಿರಬಹುದು ಎಂದು ಯೋಚಿಸುತ್ತ ಕ್ಲಿನಿಕ್ಕಿನ ಮುಂದೆ ಗಾಡಿ ನಿಲ್ಲಿಸಿದೆ.