ಮುಚ್ಚಳದ ಮೇಲಿನ ಅಂಜಲ್

ಬಜಪೆಯ ವಿಮಾನ ನಿಲ್ದಾಣದಲ್ಲಿ ದುಬೈಗೆ ಹೊರಟಿದ್ದ ಒಬ್ಬರ ಸೂಟ್‌ಕೇಸಿನಿಂದ ಕೆಂಪು ಎಣ್ಣೆ ಸೋರತೊಡಗಿತು. ತೆರೆಸಿ ನೋಡಿದರೆ ಸಿಗಡಿ ಉಪ್ಪಿನಕಾಯಿ. ಸೂಟ್‌ಕೇಸು ಆ ಉಪ್ಪಿನಕಾಯಿ ತಯಾರಿಸುವವರ ಸ್ವಂತ ಭಾವನದ್ದು. ಬಾಟಲಿಯ ಸಡಿಲ ಮುಚ್ಚಳ ನಮ್ಮದು. ಮರುದಿನ ಬೆಳಿಗ್ಗೆ ಉಪ್ಪಿನಕಾಯಿಯವರು ಬೈಕಂಪಾಡಿಯ ನಮ್ಮ ಶೆಡ್ಡಿಗೆ ಬಂದು, ಎಣ್ಣೆ ಹತ್ತಿತೆಂದು ಭಾವ ಬಿಟ್ಟುಹೋದ ಬಿಳಿ ಅಂಗಿಯನ್ನು ನನ್ನ ಮೇಜಿನ ಮೇಲೆ ಹರಡಿದರು.

"ಮೂಸಿ ನೋಡಿ ಬಾಯಮ್ಮ."

ಮೂಸುವ ಅಗತ್ಯವಿರಲಿಲ್ಲ. ಗೇಟಿನ ಬಳಿ ಮಲಗಿದ್ದ ನಾಯಿ ಆಗಲೇ ಎದ್ದು ಒಳಗೆ ಬಂದಿತ್ತು.

ನಮ್ಮೂರಿನಲ್ಲಿ ಕ್ರಿಶ್ಚಿಯನ್ ಹೆಂಗಸರೆಲ್ಲ ಬಾಯಮ್ಮ, ಗಂಡಸರೆಲ್ಲ ಪೊರ್ಬು. ನಾನು ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಗಂಡ ಕುವೈತ್ ಬಿಟ್ಟು ಬಂದು, ಹಳೆಯ ಮೋಲ್ಡಿಂಗ್ ಮಿಷಿನ್ ಒಂದನ್ನು ಕೊಂಡ ಮೇಲೆ ನನ್ನನ್ನೂ ಅದರ ಸೇವೆಗೆ ಎಳೆದುಕೊಂಡ. ಪ್ಲಾಸ್ಟಿಕ್ ಕಾಳನ್ನು ಕರಗಿಸಿ ಉಕ್ಕಿನ ಅಚ್ಚಿನೊಳಗೆ ಒತ್ತಿ ತಳ್ಳುವುದು, ತಣಿದ ಮೇಲೆ ಬಾಟಲಿ ಮುಚ್ಚಳವಾಗಿ ತೆಗೆಯುವುದು, ಇಷ್ಟೇ ಕೆಲಸ. ಇಡ್ಲಿ ಮಾಡುವುದಕ್ಕಿಂತ ಸುಲಭ ಎಂದಿದ್ದ. ಅವನು ಜನ್ಮದಲ್ಲಿ ಇಡ್ಲಿ ಮಾಡಿದವನಲ್ಲ.

ಮುಚ್ಚಳ ಒಮ್ಮೆ ಬಿಗಿ, ಒಮ್ಮೆ ಸಡಿಲ. ದೂರು ಬಂದಾಗಲೆಲ್ಲ ಗಂಡ ಮಿಷಿನ್ನಿನ ಎದುರು ನಿಂತು ಗುಬುಟು ತಿರುಗಿಸುತ್ತಿದ್ದ. ಬಿಸಿ ಏರಿಸುತ್ತಿದ್ದ, ಒತ್ತಡ ಇಳಿಸುತ್ತಿದ್ದ, ಸಂಜೆಗೆ ಎರಡನ್ನೂ ಮರೆಯುತ್ತಿದ್ದ. ನಮ್ಮ ಐಸಿಯುನಲ್ಲಿ ರೋಗಿಯನ್ನು ನೋಡಲು ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಡ್ರಿಪ್ ತಿರುಗಿಸಿದ್ದರೆ ಹೇಗಿರುತ್ತಿತ್ತೋ ಹಾಗೆ.

ಅಂಗಿಯ ಪ್ರಕರಣದ ಮೇಲೆ ನಾನು ಮಿಷಿನ್ ಪಕ್ಕ ಕುರ್ಚಿ ಹಾಕಿ ಇಡೀ ದಿನ ಕುಳಿತೆ. ಕೆಲಸಕ್ಕೆ ಇಬ್ಬರು ಹೆಂಗಸರಿದ್ದರು. ಬೆಳಿಗ್ಗೆಯವಳಿಗೆ ಎಲ್ಲದರಲ್ಲೂ ಅವಸರ. ಅಚ್ಚು ತೆರೆದ ಕೂಡಲೇ ಮುಚ್ಚಳವನ್ನು ಕಿತ್ತು ತೆಗೆಯುತ್ತಿದ್ದಳು. ಬಿಸಿಬಿಸಿ ಹೊರಬಂದದ್ದು ಹೆಚ್ಚು ಕುಗ್ಗಿ ಬಿಗಿಯಾಗುತ್ತಿತ್ತು. ಮಧ್ಯಾಹ್ನದವಳು ಬಜಪೆಗೆ ಮದುವೆ ಮಾಡಿಕೊಟ್ಟ ಮಗಳೊಡನೆ ಫೋನಿನಲ್ಲಿ ಮಾತಾಡುತ್ತಾ ನಿಧಾನವಾಗಿ ತೆಗೆಯುತ್ತಿದ್ದಳು. ಅಚ್ಚಿನಲ್ಲೇ ತಣಿದದ್ದು ಕುಗ್ಗದೆ ಸಡಿಲವಾಗುತ್ತಿತ್ತು. ಮಗಳ ಅತ್ತೆಯ ವಿಷಯ ಬಂದರೆ ಇನ್ನೂ ಸಡಿಲ.

ಆದರೆ ಕೈಯಿಂದ ಕೀಳಬೇಕಾದದ್ದಾದರೂ ಯಾಕೆ? ಮುಚ್ಚಳದ ನೆತ್ತಿಯ ಮೇಲೆ ಗಂಡ ಒಂದು ಅಂಜಲ್ ಮೀನು ಕೆತ್ತಿಸಿದ್ದ. ಕಣ್ಣು, ರೆಕ್ಕೆ, ಮೈಮೇಲೆ ಪಟ್ಟೆಪಟ್ಟೆ. ಆ ಗೆರೆಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡು, ಎಳೆಯದೆ ಮುಚ್ಚಳ ಬೀಳುತ್ತಿರಲಿಲ್ಲ.

"ಮೀನು ತೆಗೆಸು," ಎಂದೆ.

"ಮೀನು ಎಂತ ಮಾಡಿತು ಮಾರಾಯ್ತಿ? ತಪ್ಪು ಅವಳ ಫೋನಿನದ್ದು."

"ಮೀನಿಲ್ಲದಿದ್ರೆ ಮುಚ್ಚಳ ತನ್ನಷ್ಟಕ್ಕೇ ಬೀಳ್ತದೆ. ಮಿಷಿನನ್ನು ಆಟೋಮ್ಯಾಟಿಕ್‌ಗೆ ಹಾಕಿದ್ರೆ ಆಯ್ತು. ಯಾರ ಅವಸರವೂ ಇಲ್ಲ, ಯಾರ ಅತ್ತೆಯೂ ಇಲ್ಲ."

"ಅದು ನಮ್ಮ ಗುರುತು."

"ಬಾಟಲಿಯೊಳಗೆ ಇರುವುದು ಸಿಗಡಿ."

ಅವನಿಗೆ ಸಿಟ್ಟು ಬಂತು. ಗಮನವಿಟ್ಟು ಮಾಡಿದರೆ ಕೈಯಿಂದಲೇ ಒಂದೇ ಸಮ ತೆಗೆಯಬಹುದು, ನಾಳೆ ತಾನೇ ತೋರಿಸುತ್ತೇನೆ ಎಂದ. ಮರುದಿನ ಪೂಜೆಗೆ ನಿಂತ ಪಾದ್ರಿಯಷ್ಟು ಗಂಭೀರವಾಗಿ ಮಿಷಿನ್ನಿನ ಮುಂದೆ ನಿಂತ. ಮುಚ್ಚಳಗಳು ಚೆನ್ನಾಗಿಯೇ ಬಂದವು. ಅಷ್ಟರಲ್ಲಿ ಕುವೈತ್‌ನಿಂದ ಅವನ ತಮ್ಮನ ಫೋನು. ಕಿವಿ ಮತ್ತು ಹೆಗಲಿನ ನಡುವೆ ಅದನ್ನು ಸಿಕ್ಕಿಸಿಕೊಂಡು, ಮಾತನ್ನೂ ಕೆಲಸವನ್ನೂ ಒಟ್ಟಿಗೆ ಸಾಗಿಸಿದ. ಮಧ್ಯಾಹ್ನದವಳು ಬಂದು ಬುಟ್ಟಿಯಿಂದ ಒಂದು ಮುಚ್ಚಳ ಎತ್ತಿ ಬಾಟಲಿಗೆ ಹಾಕಿದಳು. ಅದು ಬುಗುರಿಯ ಹಾಗೆ ತಿರುಗಿತು.

"ಪೊರ್ಬುಗಳೇ, ಇದು ನನ್ನದಲ್ಲ ಆಯ್ತಾ," ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಮನೆಗೆ ಹೋಗುವಾಗ ಕಾರಿನಲ್ಲಿ ಅವನು ಮೆಲ್ಲಗೆ ಹೇಳಿದ: "ಕುವೈತ್‌ನ ರೂಮಿನಲ್ಲಿ ಶುಕ್ರವಾರ ಎಂತ ಮಾಡ್ಲಿಕ್ಕೂ ಇರ್ಲಿಲ್ಲ. ಕೂತು ಬಿಡಿಸಿದ್ದು ಆ ಮೀನು. ಊರಿಗೆ ಬಂದು ಎಂತಾದರೂ ಮಾಡಿದ್ರೆ ಅದರ ಮೇಲೆ ಹಾಕ್ಬೇಕು ಅಂತ." ಅವನ ತೊಡೆಯ ಮೇಲೆ ಕೈಯಿಟ್ಟೆ. ಮೀನಿನ ವಿಷಯದಲ್ಲಿ ಮಾತ್ರ ಮನಸ್ಸು ಬದಲಿಸಲಿಲ್ಲ.

ಅಚ್ಚನ್ನು ಬಿಚ್ಚಿ ಅವನೇ ವರ್ಕ್‌ಶಾಪಿಗೆ ಕೊಂಡುಹೋದ. ಮೀನು ಇದ್ದ ಮುಖವನ್ನು ನುಣ್ಣಗೆ ತಿಕ್ಕಿಸಿಕೊಂಡು ಬಂದ. ಆ ಮಧ್ಯಾಹ್ನ ಊಟಕ್ಕೆ ಮೀನು ಸಾರು ಮುಟ್ಟಲಿಲ್ಲ. ರಾತ್ರಿ ಮುಟ್ಟಿದ.

ಬೋಳು ಮುಚ್ಚಳ ಯಾರೂ ಎಳೆಯದೆ ಪಟಕ್ಕನೆ ಕೆಳಗಿನ ಬುಟ್ಟಿಗೆ ಬೀಳತೊಡಗಿತು. ಬಿಸಿ, ಒತ್ತಡ, ತಣಿಯುವ ಹೊತ್ತು, ಎಲ್ಲವನ್ನೂ ಒಮ್ಮೆ ಸರಿಯಾಗಿ ಹೊಂದಿಸಿ, ಗುಬುಟುಗಳ ಜಾಗಕ್ಕೆ ನನ್ನ ನೈಲ್ ಪಾಲಿಶ್‌ನಿಂದ ಗುರುತು ಹಾಕಿದೆ. ಮೇಲೊಂದು ತಗಡಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಚೀಲದಲ್ಲಿ. ಹೆಂಗಸರಿಬ್ಬರಿಗೆ ಮುಚ್ಚಳ ಪರೀಕ್ಷಿಸಿ ಕಟ್ಟುವ ಕೆಲಸ. ಫೋನಿಗೆ ಈಗ ಯಾವ ಅಡ್ಡಿಯೂ ಇಲ್ಲ. ಅತ್ತೆಯ ಕಥೆಯನ್ನು ನಾನೂ ಕೇಳುತ್ತೇನೆ.

ಉಪ್ಪಿನಕಾಯಿಯವರು ಪರೀಕ್ಷೆಗೆಂದು ಬಂದರು. ಬುಟ್ಟಿಗೆ ಕೈ ಹಾಕಿ ಸಿಕ್ಕಿದ ಮುಚ್ಚಳವನ್ನು ತುಂಬಿದ ಬಾಟಲಿಗೆ ತಿರುಗಿಸಿ, ಕುಳಿತಿದ್ದ ನನ್ನ ಗಂಡನ ಮಡಿಲ ಮೇಲೆ ಬಾಟಲಿಯನ್ನು ಬೋರಲು ಹಿಡಿದು ಕುಲುಕಿದರು. ಅವನು ಕಣ್ಣು ಮುಚ್ಚಿಕೊಂಡ. ಒಂದು ಹನಿಯೂ ಬೀಳಲಿಲ್ಲ. ಇನ್ನೂ ಒಂದಷ್ಟು ಬಾಟಲಿಗಳನ್ನು ಅದೇ ಮಡಿಲ ಮೇಲೆ ಕುಲುಕಿ, ತೃಪ್ತಿಯಿಂದ ಹೊರಟುಹೋದರು.

ಈಗ ಗಂಡನಿಗೆ ಕೆಲಸವೇ ಉಳಿಯಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಬಕೆಟ್ ಮಾಡುವವರಿಗೆ ಸಲಹೆ ಕೊಡಲು ಹೋಗಿ, ಅವರ ಮಿಷಿನ್ನಿನ ಗುಬುಟು ತಿರುಗಿಸತೊಡಗಿದ. ಸ್ವಲ್ಪ ದಿನಕ್ಕೇ ಅದರ ಮಾಲೀಕರು ಸೊಟ್ಟಗಿನ ಬಕೆಟೊಂದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು.

"ಬಾಯಮ್ಮ, ಪೊರ್ಬುಗಳನ್ನು ಸ್ವಲ್ಪ ಮನೆಯಲ್ಲೇ ಇಟ್ಕೊಳ್ಳಲಿಕ್ಕೆ ಆಗ್ತದಾ?"

"ಆಗುವುದಿಲ್ಲ," ಎಂದೆ. "ಮನೆಯಲ್ಲಿ ಹೊಸ ವಾಷಿಂಗ್ ಮಿಷಿನ್ ಉಂಟು."