ನಾನು ಎಳೆದ ಉಪ್ಪುನೀರಿನ ಗೆರೆಗಳು

ಯುದ್ಧದಿಂದಾಗಿ ಮುಲಾಮು ಸಿಗದ ಕಾಲ. ಕಾಲಿನ ಹುಣ್ಣು ತೋರಿಸಲು ರಾಜಘಟ್ಟದಿಂದ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋಗಿದ್ದೆ. ಉಪ್ಪುನೀರಲ್ಲಿ ತೊಳೆದರೆ ಹುಣ್ಣು ಬೇಗ ವಾಸಿಯಾಗುತ್ತದೆಯೇ ಎಂದು ಅಲ್ಲಿನ ನರ್ಸಮ್ಮ ಪರೀಕ್ಷಿಸಿ, ದಾದಿಯರ ಪತ್ರಿಕೆಗೆ ಬರೆಯುತ್ತಿದ್ದರು.

"ನಿನ್ನ ವಿಷಯಾನೂ ಬರೀಲೇನಪ್ಪಾ? ಬೇಡ ಅಂದ್ರೂ ಕಾಲು ನೋಡ್ಕೋತೀನಿ."

"ಬರೀರಮ್ಮ, ಹೆಸರು ಮಾತ್ರ ದಪ್ಪಕ್ಷರದಲ್ಲಿ ಬರ್ಲಿ."

"ರೋಗಿ ಹೆಸರು ಹಾಕೋ ಹಂಗಿಲ್ಲ ಕಣೋ. ನಿನ್ನ ಮರ್ಯಾದೆ ನಾನು ಕಾಯ್ಬೇಕು."

ನನಗೂ ಮರ್ಯಾದೆಯೇ ಎಂದು ನಗು ಬಂತು. ಒಂದು ಪೊಟ್ಟಣ ಉಪ್ಪು, ತೊಳೆದಾಗಲೆಲ್ಲ ಗೆರೆ ಎಳೆಯಲು ಒಂದು ಚೀಟಿ ಕೊಟ್ಟರು. ಉಪ್ಪನ್ನು ಹುಣಿಸೆಕಾಯಿಗೆ ಹಚ್ಚಿ ತಿಂದೆ. ಮತ್ತೆ ಕಾಲು ತೋರಿಸಲು ಹೋದ ದಿನ ಗೆರೆಗಳನ್ನೆಲ್ಲ ಆಸ್ಪತ್ರೆ ಬಾಗಿಲಲ್ಲಿ ಕೂತು ಒಟ್ಟಿಗೇ ಎಳೆದೆ. ಹಾಳಾದ ಹುಣ್ಣು ತಾನಾಗೇ ವಾಸಿಯಾಗಿತ್ತು!

"ಭೇಷ್! ಇದನ್ನೋದಿ ಬೇರೆ ದಾದಿಯರೂ ಹೀಗೇ ಮಾಡ್ತಾರೆ" ಎಂದರು ನರ್ಸಮ್ಮ. ನನ್ನ ಸುಳ್ಳು ನಂಬಿ ಯಾರದೋ ಕಾಲು ಕೊಳೆತೀತೆಂದು ಹೆದರಿ ನಿಜ ಹೇಳಿಬಿಟ್ಟೆ.

"ಅಯ್ಯೋ ಕೋತಿ!" ಎಂದು ನನ್ನ ಚೀಟಿಗೆ ಅಡ್ಡಗೀಟು ಹಾಕಿದರು.

ಪತ್ರಿಕೆ ಬಂದಾಗ ಓದಿ ಹೇಳಿದರು: "ಒಬ್ಬ ಹುಡುಗ ತೊಳೆಯದೆಯೇ ಗೆರೆ ಎಳೆದಿದ್ದರಿಂದ ಅವನನ್ನು ಲೆಕ್ಕದಿಂದ ಬಿಟ್ಟಿದೆ."

ಆ ಹಾಳೆಯನ್ನು ಕಾಡಿ ಬೇಡಿ ತಂದು, ಊರಲ್ಲೆಲ್ಲ ಬೆರಳಿಟ್ಟು ತೋರಿಸಿದೆ: "ನೋಡ್ರೋ, ಇವ್ನು ನಾನೇ!" ನರ್ಸಮ್ಮ ಅಷ್ಟು ಜೋಪಾನವಾಗಿ ಕಾಯ್ದ ಮರ್ಯಾದೆ ಒಂದೇ ಹೊತ್ತಿನಲ್ಲಿ ಮುಗಿಯಿತು.